‘ಬಳಸು’ ಎಂಬ ಮಾತು ಮತ್ತು ಹಳೆಯ ಕಪಾಟು

ಮಳೆಗಾಲ ಕಳೆದು ದೀಪಾವಳಿ ಸಮೀಪಿಸುವಾಗ ಮಲೆನಾಡಿನ ಮನೆಗಳಲ್ಲಿ ವರ್ಷದ ದೊಡ್ಡ ಸ್ವಚ್ಛತಾ ಕಾರ್ಯ ಆರಂಭವಾಗುತ್ತದೆ. ನಾಲ್ಕು ತಿಂಗಳ ತೇವಕ್ಕೆ ಬೂಸಲು ಹಿಡಿದ ಗೋಡೆಗಳಿಗೆ ಸುಣ್ಣ ಬೀಳುತ್ತದೆ. ಅಟ್ಟದ ಮೇಲಿನ ಸಾಮಾನು ಅಂಗಳಕ್ಕೆ ಇಳಿಯುತ್ತದೆ. ಇದೇ ಸಮಯದಲ್ಲಿ ಅನೇಕ ಮನೆಗಳಲ್ಲಿ ಅಜ್ಜನ ಕಾಲದ ಮರದ ಕಪಾಟೊಂದು ಜಗಲಿಯಿಂದ ಹೊರಬಿದ್ದು ಕೊಟ್ಟಿಗೆಯ ಮೂಲೆ ಸೇರುತ್ತದೆ. ಅದರ ಕಾಲು ಮುರಿದಿರುವುದಿಲ್ಲ, ಹಲಗೆ ಸೀಳಿರುವುದಿಲ್ಲ. ಅದರ ಮೇಲಿನ ವಾರ್ನಿಷ್ ಕಪ್ಪಿಟ್ಟು, ಮುಟ್ಟಿದರೆ ಅಂಟಂಟಾಗಿ, ಅಲ್ಲಲ್ಲಿ ಬಿಳಿಯ ಕಲೆ ಬಿದ್ದಿರುತ್ತದೆ. ಅಷ್ಟೇ ಅದರ ಅಪರಾಧ. ಅದು ನಿಂತಿದ್ದ ಸ್ಥಳಕ್ಕೆ ಪೇಟೆಯಿಂದ ನುಣುಪು ಮೈಯ ಹೊಸ ಬೀರು ಬರುತ್ತದೆ. ಎರಡು ಮಳೆಗಾಲ ಕೊಟ್ಟಿಗೆಯಲ್ಲಿ ನೆನೆದ ಕಪಾಟು ಮೂರನೆಯ ವರ್ಷ ಬಚ್ಚಲೊಲೆಗೆ ಸೌದೆಯಾಗುತ್ತದೆ.

ಈ ಸಣ್ಣ ಗೃಹಕೃತ್ಯವನ್ನು ಪರಿಸರದ ಪ್ರಶ್ನೆಯೆಂದು ಯಾರೂ ಎಣಿಸುವುದಿಲ್ಲ. ಕಾಡಿನಲ್ಲಿ ಗರಗಸದ ಸದ್ದು ಕೇಳಿದರೆ ಎದ್ದು ನಿಲ್ಲುವ ಊರೇ ಮನೆಯೊಳಗಿನ ಮರ ಬೂದಿಯಾಗುವುದನ್ನು ಸಹಜವೆಂದು ನೋಡುತ್ತದೆ. ಆದರೆ ಯೋಚಿಸಿದರೆ ಎರಡೂ ಒಂದೇ ಸರಪಳಿಯ ಕೊಂಡಿಗಳು.

ಮೂರನೆಯ ಮಾತು

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸುತ್ತಿನ ಜನರು ಕಾಡಿಗೆ ನಡೆದು, ಕಡಿಯಲು ಗುರುತಿಸಿದ್ದ ಮರಗಳನ್ನು ಅಪ್ಪಿ ನಿಂತರು. ಅಲ್ಲಿ ಹುಟ್ಟಿದ ಅಪ್ಪಿಕೋ ಚಳವಳಿ ಜನರ ಮುಂದಿಟ್ಟದ್ದು ಮೂರು ಮಾತುಗಳನ್ನು: ಉಳಿಸು, ಬೆಳೆಸು, ಬಳಸು. ಮೊದಲ ಎರಡು ಮಾತುಗಳು ಭಾಷಣಗಳಲ್ಲಿ, ಗೋಡೆಬರಹಗಳಲ್ಲಿ, ಶಾಲೆಯ ವನಮಹೋತ್ಸವಗಳಲ್ಲಿ ಇಂದಿಗೂ ಕೇಳಿಸುತ್ತವೆ. ಮೂರನೆಯದು ಮಾತ್ರ ಮಂಕಾಗಿದೆ. ‘ಬಳಸು’ ಎಂದರೆ ಬೇಕಾದಷ್ಟು ಬಾಚಿಕೋ ಎಂದು ಅರ್ಥವಲ್ಲ. ತೆಗೆದುಕೊಂಡದ್ದನ್ನು ವಿವೇಕದಿಂದ, ಅದರ ಪೂರ್ಣ ಆಯುಷ್ಯದವರೆಗೆ ಉಪಯೋಗಿಸು ಎಂದು ಅರ್ಥ.

ಈ ಅರ್ಥದಲ್ಲಿ ನೋಡಿದರೆ ಕೊಟ್ಟಿಗೆ ಸೇರಿದ ಕಪಾಟು ಕೇವಲ ಹಳೆಯ ಸಾಮಾನಲ್ಲ. ಅದು ಸಾಗುವಾನಿ, ಹಲಸು, ಹೊನ್ನೆ ಅಥವಾ ಬೀಟೆಯ ಮರ. ಆರಡಿ ಎತ್ತರದ ಒಂದು ಸಾಧಾರಣ ಕಪಾಟಿನಲ್ಲಿ 0.1 ಘನ ಮೀಟರಿನಷ್ಟು ಸಾಗುವಾನಿ ಇದೆಯೆಂದು ಇಟ್ಟುಕೊಂಡರೆ ಅದರ ತೂಕ ಸುಮಾರು 65 ಕಿಲೋಗ್ರಾಂ. ಒಣಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಇಂಗಾಲ. ಆ ಕಪಾಟನ್ನು ಸುಟ್ಟರೆ ಸುಮಾರು 120 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಉಳಿಸಿಕೊಂಡರೆ ಅದು ಹಲಗೆಯಲ್ಲಿಯೇ ಭದ್ರವಾಗಿರುತ್ತದೆ. ಬೀಟೆಯ ಮಾತಂತೂ ಇನ್ನೂ ಗಂಭೀರ. ಬಹು ನಿಧಾನವಾಗಿ ಬಲಿಯುವ ಈ ಮರವಿಂದು ಅಪಾಯದಂಚಿನ ಪ್ರಭೇದಗಳ ಪಟ್ಟಿಯಲ್ಲಿದೆ. 2017ರಿಂದ ಅದರ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರವೇ ನಿಯಂತ್ರಣಕ್ಕೆ ಒಳಪಟ್ಟಿದೆ.

ಅದರ ಸ್ಥಾನಕ್ಕೆ ಬರುವ ಹೊಸ ಬೀರು ಬಹುಪಾಲು ಮರದ ಹೊಟ್ಟು, ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯದು. ಆ ಅಂಟಿನಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ಯೂರಿಯಾ ಫಾರ್ಮಾಲ್ಡಿಹೈಡ್. ಹೊಸತರಲ್ಲಿ ಕಣ್ಣು ಮೂಗು ಉರಿಸುವ ವಾಸನೆ ಅದರದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ಇದಲ್ಲದೆ ಇಂಥ ಹಲಗೆ ನೀರು ತಗುಲಿದರೆ ಉಬ್ಬುತ್ತದೆ. ಒಮ್ಮೆ ಉಬ್ಬಿದ್ದು ಮತ್ತೆ ಕೂರುವುದಿಲ್ಲ, ಸ್ಕ್ರೂ ಹಿಡಿಯುವುದಿಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ಅದರ ಬಾಳಿಕೆ ಎಷ್ಟೆಂದು ಊಹಿಸುವುದು ಕಷ್ಟವಲ್ಲ. ಅರ್ಧ ಶತಮಾನ ತಾಳಿದ ಮರವನ್ನು ಒಲೆಗಿಟ್ಟು, ಐದು ಮಳೆಗಾಲ ತಾಳದ ಹಲಗೆಯನ್ನು ಸಾಲ ಮಾಡಿ ತರುವುದು ಯಾವ ಲೆಕ್ಕದ ಅಭಿವೃದ್ಧಿ?

ಚರ್ಮದ ರೋಗಕ್ಕೆ ಮರಣದಂಡನೆ

ಹಳೆಯ ಪೀಠೋಪಕರಣ ಕೆಟ್ಟಿತೆಂದು ಹೇಳುವಾಗ ನೂರಕ್ಕೆ ತೊಂಬತ್ತು ಪಾಲು ಕೆಟ್ಟಿರುವುದು ಮರವಲ್ಲ, ಅದರ ಮೇಲಿನ ತೆಳುಪೊರೆ. ಒಲೆಯ ಹೊಗೆ, ಕೈಯ ಜಿಡ್ಡು, ಮಳೆಗಾಲದ ತೇವ ಇವೆಲ್ಲ ಸೇರಿ ವಾರ್ನಿಷನ್ನು ಹಾಳುಮಾಡುತ್ತವೆ. ಆ ಪೊರೆಯನ್ನು ಸರಿಪಡಿಸುವ ಕೆಲಸ ಮನೆಯವರ ಕೈಮೀರಿದ್ದಲ್ಲ. ಆರಡಿ ಕಪಾಟಿಗೆ ಅರ್ಧ ಲೀಟರ್ ಪ್ರೈಮರ್, ಒಂದು ಲೀಟರ್ ಬಣ್ಣ, ನಾಲ್ಕೆಂಟು ಹಾಳೆ ಉಪ್ಪುಕಾಗದ, ಒಂದು ವಾರದ ಬಿಡುವು ಇದ್ದರೆ ಸಾಕು.

ಆದರೆ ಬಣ್ಣ ಹಚ್ಚುವ ಮೊದಲು ಒಂದು ನಿರ್ಧಾರ ಅಗತ್ಯ. ಎಲ್ಲ ಹಳೆಯ ಮರಕ್ಕೂ ಬಣ್ಣ ಸಲ್ಲದು. ಬೀಟೆಯ ಆರಾಮಕುರ್ಚಿ, ಕೆತ್ತನೆಯ ಪೆಟ್ಟಿಗೆ, ಹೆಣಿಗೆಯ ಮಂಚ ಇಂಥವುಗಳ ಮೇಲೆ ಬಣ್ಣ ಬಳಿದರೆ ಮರದ ಎಳೆಗಳ ಸೂಕ್ಷ್ಮ ರಂಧ್ರಗಳಲ್ಲಿ ಅದು ಕೂತುಬಿಡುತ್ತದೆ. ಮುಂದೆ ತೆಗೆಯಲು ಹೊರಟರೆ ಮೈಗೆ ಕೇಡಾದ ರಾಸಾಯನಿಕಗಳೇ ಬೇಕಾಗುತ್ತವೆ. ಅವಕ್ಕೆ ಅರಗಿನ ಪಾಲಿಶ್ ಅಥವಾ ಅಗಸೆ ಎಣ್ಣೆಯ ಲೇಪ ಉಚಿತ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮರಕ್ಕೆ ಹಚ್ಚುವುದು ಈ ನಾಡಿಗೆ ಹೊಸತಲ್ಲ. 1937ರಲ್ಲಿ ಮೈಸೂರಿನಲ್ಲಿ ಅರಸರ ಆಡಳಿತ ಸ್ಥಾಪಿಸಿದ ಬಣ್ಣದ ಕಾರ್ಖಾನೆಯ ಹೆಸರಿನಲ್ಲಿಯೇ ಅರಗು ಇತ್ತು. ಚುನಾವಣೆಯ ಅಳಿಸಲಾಗದ ಶಾಯಿ ತಯಾರಿಸುವುದು ಇಂದಿಗೂ ಅದೇ ಕಾರ್ಖಾನೆ.

ಬಣ್ಣ ಸಲ್ಲುವುದು ಸಾದಾ ಹಲಸಿನ ಕಪಾಟಿಗೆ, ಕಾಡುಮರದ ಬೆಂಚಿಗೆ, ತೇಪೆ ಹಾಕಿದ ಮೇಜಿಗೆ, ಬೇರೆ ಬೇರೆ ಮರದ ತುಂಡು ಸೇರಿಸಿ ಮಾಡಿದ ಅಡುಗೆಮನೆಯ ಗೂಡಿಗೆ. ಅಂದರೆ ಚೆಂದದ ಮಾತಿಲ್ಲದೆ ದುಡಿಯುತ್ತ ಬಂದ ಸಾಮಾನುಗಳಿಗೆ. ಅವುಗಳೇ ಸಂಖ್ಯೆಯಲ್ಲಿ ಹೆಚ್ಚು. ಒಲೆಗೆ ಹೋಗುವುದೂ ಅವುಗಳೇ.

ಮೇಲೆ ಥಳುಕು, ಒಳಗೆ ಹುಳುಕು

ಹಳೆಯ ವಾರ್ನಿಷಿನ ಮೇಲೆ ನೇರವಾಗಿ ಬಣ್ಣ ಬಳಿದು ಕೈತೊಳೆದುಕೊಂಡವರು ಅನೇಕರಿದ್ದಾರೆ. ಮೊದಲ ಮಳೆಗಾಲಕ್ಕೆ ಆ ಬಣ್ಣ ಹಪ್ಪಳದಂತೆ ಎದ್ದು ಬರುತ್ತದೆ. ‘ಮೇಲೆ ಥಳುಕು, ಒಳಗೆ ಹುಳುಕು’ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಬಣ್ಣದ ಕೆಲಸದಲ್ಲಿ ಮುಕ್ಕಾಲು ಪಾಲು ಬಣ್ಣದ ಡಬ್ಬಿ ತೆರೆಯುವ ಮುನ್ನವೇ ಮುಗಿದಿರಬೇಕು.

ಮೊದಲನೆಯದು ಕಾಲದ ಆಯ್ಕೆ. ಆಷಾಢದಲ್ಲಿ ಈ ಕೆಲಸಕ್ಕೆ ಕೈಹಾಕುವುದು ವ್ಯರ್ಥ. ತೇವ ಕುಡಿದು ಉಬ್ಬಿದ ಮರದ ಮೇಲೆ ಬಣ್ಣ ಹಿಡಿಯದು. ಡಿಸೆಂಬರಿನಿಂದ ಮಾರ್ಚಿಯವರೆಗಿನ ಒಣಹವೆ ಪ್ರಶಸ್ತ. ಹಾಗೆಂದು ಕಪಾಟನ್ನು ಅಡಿಕೆಯೊಡನೆ ಬಿರುಬಿಸಿಲಿಗೆ ಒಡ್ಡಬಾರದು. ಒಮ್ಮೆಲೇ ಒಣಗಿದರೆ ಹಲಗೆ ಸೀಳುತ್ತದೆ, ಸಂದು ಬಿಡುತ್ತದೆ. ಗಾಳಿಯಾಡುವ ನೆರಳಿನಲ್ಲಿ ಕೆಲವು ವಾರ ನಿಲ್ಲಿಸುವುದು ಮೇಲು.

ಎರಡನೆಯದು ಹುಳುವಿನ ಪರೀಕ್ಷೆ. ಸಣ್ಣ ತೂತುಗಳ ಕೆಳಗೆ ಹೊಸ ಹಿಟ್ಟು ಬೀಳುತ್ತಿದ್ದರೆ ಕುಟ್ಟೆ ಹುಳು ಇನ್ನೂ ಜೀವಂತವಾಗಿದೆ ಎಂದು ತಿಳಿಯಬೇಕು. ಅದು ಹೆಚ್ಚಾಗಿ ಕೆಚ್ಚಿನ ಹೊರಗಿನ ಬಿಳಿಯ ಭಾಗವನ್ನು ತಿನ್ನುತ್ತದೆ. ಆ ಭಾಗದ ವಾರ್ನಿಷನ್ನು ಪೂರ್ತಿ ಕೆರೆದು, ಬರಿಯ ಮರಕ್ಕೆ ಬಿಸಿನೀರಿನಲ್ಲಿ ಕರಗಿಸಿದ ಬಿಳಿಗಾರದ ದ್ರಾವಣವನ್ನು ಎರಡು ಮೂರು ಬಾರಿ ಹಚ್ಚಿ ಒಣಗಿಸಬೇಕು. ವಾರ್ನಿಷಿನ ಮೇಲೆ ಹಚ್ಚಿದರೆ ಅದು ಒಳಗಿಳಿಯದು. ಬಿಳಿಗಾರ ಹೊಟ್ಟೆಗೆ ಹೋದರೆ ವಿಷ. ಆದ್ದರಿಂದ ಧಾನ್ಯ ತುಂಬುವ ಪೆಟ್ಟಿಗೆಗಳ ಒಳಮೈಗೆ ಇದು ಸಲ್ಲದು. ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವ ರೂಢಿ ಜಂತಿ, ಪಕಾಸಿಗಳಿಗೆ ಒಳ್ಳೆಯದು. ಆದರೆ ಅದು ಚರ್ಮವನ್ನು ಸುಡುತ್ತದೆ; ಬೇಗ ಒಣಗದ ಅದರ ಜಿಡ್ಡಿನ ಮೇಲೆ ಬಣ್ಣವೂ ನಿಲ್ಲದು.

ಮೂರನೆಯದು ತೊಳೆಯುವುದು. ಹೊಗೆಯ ಜಿಡ್ಡು, ಹಳೆಯ ಮೇಣ ಇರುವಾಗ ಉಪ್ಪುಕಾಗದ ತಿಕ್ಕಿದರೆ ಜಿಡ್ಡು ಇನ್ನಷ್ಟು ಒಳಗೆ ಹೋಗುತ್ತದೆ. ಅಂಟುವಾಳದ ನೊರೆನೀರು ಅಥವಾ ತೆಳುವಾದ ವಾಷಿಂಗ್ ಸೋಡಾ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಶುದ್ಧನೀರಿನಿಂದ ಮತ್ತೆ ಒರೆಸಿ, ಎರಡು ದಿನ ಒಣಗಲು ಬಿಡಬೇಕು. ಕೊಡ ಕೊಡ ನೀರು ಸುರಿಯಬಾರದು.

ನಾಲ್ಕನೆಯದು ಹಳೆಯ ಪೊರೆ ಯಾವುದೆಂದು ಅರಿಯುವುದು. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಸ್ಪಿರಿಟ್ ಹಚ್ಚಿದ ಹತ್ತಿಯನ್ನು ಒಂದೆರಡು ನಿಮಿಷ ಇಟ್ಟು ನೋಡಬೇಕು. ಪೊರೆ ಮೆತ್ತಗಾಗಿ ಹತ್ತಿಗೆ ಅಂಟಿಕೊಂಡರೆ ಅದು ಅರಗಿನ ಪಾಲಿಶ್. ಸ್ಪಿರಿಟ್ಟಿನಿಂದಲೇ ಅದನ್ನು ಒರೆಸಿ ತೆಗೆಯಬಹುದು. ಅಲುಗಾಡದಿದ್ದರೆ ಎಣ್ಣೆಯ ವಾರ್ನಿಷ್ ಅಥವಾ ಈಚಿನ ಗಟ್ಟಿ ಪಾಲಿಶ್. ಅದು ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಪೂರ್ತಿ ಕಿತ್ತು ತೆಗೆಯುವ ಅಗತ್ಯವೇ ಇಲ್ಲ. 120ನೆಯ ನಂಬರಿನ ಉಪ್ಪುಕಾಗದ, ಆಮೇಲೆ 220ನೆಯದು ತೆಗೆದುಕೊಂಡು ಮರದ ಎಳೆಯ ದಿಕ್ಕಿನಲ್ಲಿಯೇ ತಿಕ್ಕಿ ಹೊಳಪು ಸಾಯಿಸಿದರೆ ಸಾಕು. ಗಾಜಿನಂತಿದ್ದ ಮೈ ಮಂಕಾಗಿ, ಬೆರಳಿಗೆ ತುಸು ಒರಟಾಗಬೇಕು. ಹೊಸ ಲೇಪ ಹಿಡಿದುಕೊಳ್ಳುವುದು ಆ ಒರಟನ್ನೇ. ಎದ್ದುಬಂದ, ಸಿಪ್ಪೆ ಸುಲಿಯುವ ಭಾಗಗಳನ್ನು ಮಾತ್ರ ಪೂರ್ತಿ ಕೆರೆಯಬೇಕು. ಮೊಳೆಯ ತೂತು, ಬಿರುಕುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಸಮಮಾಡಬೇಕು.

ಇಷ್ಟಾದ ಮೇಲೆ ಪ್ರೈಮರ್. ಇದನ್ನು ದಂಡದ ಖರ್ಚೆಂದು ಬಿಡುವವರೇ ಹೆಚ್ಚು. ಹಳೆಯ ಮೈಗೂ ಹೊಸ ಬಣ್ಣಕ್ಕೂ ನಂಟು ಕಟ್ಟುವುದು ಇದೇ. ಹಳೆಯ ವಾರ್ನಿಷಿನ ಮೇಲೆ ಎಣ್ಣೆ ಮೂಲದ ವುಡ್ ಪ್ರೈಮರ್ ಚೆನ್ನಾಗಿ ಕೂರುತ್ತದೆ. ಹಲಸು ಮತ್ತು ಬೀಟೆಯಂಥ ಮರಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹಲಸಿನ ಚಕ್ಕೆಯಿಂದ ಬಟ್ಟೆಗೆ ಹಳದಿ ಬಣ್ಣ ಕಟ್ಟುವುದು ಹಿರಿಯರಿಗೆ ಗೊತ್ತಿರುವ ಸಂಗತಿ. ಅದೇ ಹಳದಿ ಬಿಳಿಯ ಬಣ್ಣದ ಮೂಲಕವೂ ನಿಧಾನವಾಗಿ ಮೇಲೇರಿ ಕಲೆಯಾಗುತ್ತದೆ. ಮೇಣ ತೆಗೆದ ಅರಗಿನ ಒಂದು ತೆಳು ಲೇಪವನ್ನು ಮೊದಲು ಹಚ್ಚಿದರೆ ಆ ಕಲೆ ಅಲ್ಲಿಯೇ ನಿಲ್ಲುತ್ತದೆ. ಕಾಡಿನ ಕೀಟದ ಉತ್ಪನ್ನ ಕಾಡಿನ ಮರದ ಬಣ್ಣಕ್ಕೆ ತಡೆಗೋಡೆಯಾಗುವ ಈ ಸಂಬಂಧ ಗಮನಾರ್ಹ.

ಪ್ರೈಮರ್ ಒಂದು ದಿನ ಒಣಗಿ, ನಯವಾದ ಉಪ್ಪುಕಾಗದದಿಂದ ಹಗುರಾಗಿ ತಿಕ್ಕಿ, ಧೂಳು ಒರೆಸಿದ ಮೇಲೆ ಬಣ್ಣ. ದಪ್ಪನೆಯ ಒಂದು ಲೇಪಕ್ಕಿಂತ ತೆಳುವಾದ ಎರಡು ಲೇಪ ಲೇಸು. ನಡುವೆ ಒಂದು ದಿನದ ಅಂತರವಿರಲಿ. ನೀರು ಮೂಲದ ಎನಾಮಲ್ ಬಣ್ಣಗಳಲ್ಲಿ ವಾಸನೆ ಕಡಿಮೆ. ಎಳೆದು ತೆಗೆಯುವ ಖಾನೆಗಳ ಉಜ್ಜುವ ಅಂಚಿಗೆ ಬಣ್ಣ ಬೇಡ. ಮೇಣದಬತ್ತಿ ಉಜ್ಜಿದರೆ ಸಾಕು. ಕೊನೆಗೆ ಒಂದು ವಾರ ಭಾರ ಹೇರದೆ ಬಿಡಬೇಕು. ಮುಟ್ಟಿದಾಗ ಒಣಗಿದಂತೆ ತೋರುವ ಬಣ್ಣ ಒಳಗೆ ಗಟ್ಟಿಯಾಗಲು ಇನ್ನೂ ಕಾಲ ಬೇಕು.

ಬೂದಿಯಲ್ಲಿ ಅಡಗಿದ ವಿಷ

ಈ ಕೆಲಸದಲ್ಲಿ ಒಂದು ನಿಜವಾದ ಅಪಾಯವಿದೆ. ಅದನ್ನು ಮುಚ್ಚಿಟ್ಟು ‘ಹಳೆಯದನ್ನು ಉಳಿಸಿ’ ಎಂದು ಉಪದೇಶಿಸುವುದು ಅಪರಾಧ. ಹಿಂದಿನ ಎನಾಮಲ್ ಬಣ್ಣಗಳಲ್ಲಿ, ವಿಶೇಷವಾಗಿ ಹಳದಿ, ಕಿತ್ತಳೆ, ಕೆಂಪು, ಹಸಿರು ಬಣ್ಣಗಳಲ್ಲಿ, ಸೀಸದ ಸಂಯುಕ್ತಗಳು ಹೇರಳವಾಗಿ ಇರುತ್ತಿದ್ದವು. ಬೇಗ ಒಣಗಲೆಂದು ಎಣ್ಣೆಯ ವಾರ್ನಿಷಿಗೂ ಸೀಸ ಬೆರೆಸುವ ಪದ್ಧತಿಯಿತ್ತು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ ಪ್ರಕಟವಾದದ್ದು 2016ರಲ್ಲಿ. ತಯಾರಿಕೆಗೆ ಅದು ಅನ್ವಯವಾದದ್ದು 2017ರ ನವೆಂಬರ್ 1ರಿಂದ. ಹಾಗಾಗಿ ಅದಕ್ಕಿಂತ ಹಿಂದೆ ಬಣ್ಣ ಕಂಡ ಯಾವ ಸಾಮಾನನ್ನೂ ಸಂಶಯದಿಂದಲೇ ಕಾಣಬೇಕು. ಸೀಸಕ್ಕೆ ‘ಇಷ್ಟು ಇದ್ದರೆ ಚಿಂತೆಯಿಲ್ಲ’ ಎಂಬ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿಸುತ್ತದೆ. ಆದ ಹಾನಿ ಮರಳಿ ಸರಿಹೋಗದು.

ಇಂಥ ಬಣ್ಣವನ್ನು ಒಣಗಿರುವಾಗ ತಿಕ್ಕಬಾರದು, ಬೆಂಕಿಯ ಜ್ವಾಲೆಯಿಂದ ಸುಟ್ಟು ಕೆರೆಯಬಾರದು. ಅದು ಗಟ್ಟಿಯಾಗಿ ಅಂಟಿಕೊಂಡಿದ್ದರೆ ಕೆದಕದೆ, ಮೈಯನ್ನು ಒದ್ದೆಮಾಡಿ ವಾಟರ್ ಪೇಪರಿನಿಂದ ಹಗುರಾಗಿ ಉಜ್ಜಿ, ಪ್ರೈಮರ್ ಹಚ್ಚಿ ಮುಚ್ಚುವುದೇ ಕ್ಷೇಮ. ಕೆಲಸ ಮನೆಯ ಹೊರಗೆ ನಡೆಯಲಿ; ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿರಲಿ; ಮೂಗಿಗೆ ಬಟ್ಟೆಯಲ್ಲ, ಸಣ್ಣ ಕಣ ತಡೆಯುವ ಎನ್-95 ಮುಖಗವಸು ಇರಲಿ. ಮಕ್ಕಳು, ಗರ್ಭಿಣಿಯರು ಹತ್ತಿರ ಸುಳಿಯಬಾರದು. ಹಾಲುಹಲ್ಲಿನ ಮಕ್ಕಳು ಅಂಚನ್ನು ಕಚ್ಚುವ ತೊಟ್ಟಿಲಿಗೆ ಹಳೆಯ ಬಣ್ಣವಿದ್ದರೆ ಅದನ್ನು ನೆನಪಿನ ವಸ್ತುವಾಗಿ ಇಟ್ಟುಕೊಳ್ಳಬಹುದೇ ಹೊರತು ಮಗುವನ್ನು ಮಲಗಿಸಬಾರದು.

ಬಚ್ಚಲೊಲೆಯ ಪ್ರಶ್ನೆ ಗಂಭೀರವಾಗುವುದು ಇಲ್ಲಿಯೇ. ಬಣ್ಣ ಕಂಡ ಮರವನ್ನು ಒಲೆಗಿಟ್ಟರೆ ಸೀಸ ಎಲ್ಲಿಗೂ ಓಡಿಹೋಗುವುದಿಲ್ಲ. ಕೆಲಪಾಲು ಹೊಗೆಯೊಡನೆ ಮನೆಯವರ ಉಸಿರಿಗೆ, ಉಳಿದದ್ದು ಬೂದಿಗೆ. ಆ ಬೂದಿಯೇ ಪಾತ್ರೆ ತಿಕ್ಕಲು ಹೋಗುತ್ತದೆ, ತರಕಾರಿ ಪಾತಿಗೆ ಬೀಳುತ್ತದೆ, ಗೊಬ್ಬರಗುಂಡಿ ಸೇರುತ್ತದೆ. ಹಳೆಯ ಕಪಾಟನ್ನು ಸುಡುವುದಕ್ಕಿಂತ ಅದರ ಮೈಯನ್ನು ಭದ್ರವಾಗಿ ಮುಚ್ಚಿ ಬಳಕೆಯಲ್ಲಿ ಇಡುವುದು ಮರಕ್ಕಷ್ಟೇ ಅಲ್ಲ, ಮನೆಯ ಮಕ್ಕಳಿಗೂ ಮಾಡುವ ಉಪಕಾರ.

ಹೊಸ ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಪ್ರಮಾಣ ನಮೂದಾಗಿದೆಯೇ ಎಂದು ಓದಿ ನೋಡಬೇಕು. ಚೀಟಿಯಿಲ್ಲದ ಅಗ್ಗದ ಡಬ್ಬಿಯನ್ನು ಮುಟ್ಟಬಾರದು. ಬ್ರಷ್ ತೊಳೆದ ಟರ್ಪೆಂಟೈನನ್ನು ಹಳ್ಳಕ್ಕೆ, ಬಾವಿಯ ಬದಿಗೆ ಚೆಲ್ಲದೆ ಶೀಶೆಯಲ್ಲಿ ತುಂಬಿಡಬೇಕು. ಕಸರು ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮತ್ತೆ ಉಪಯೋಗಿಸಬಹುದು. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಅವು ತಾವಾಗಿಯೇ ಕಾವೇರಿ ಹೊತ್ತಿಕೊಳ್ಳುವ ಅಪಾಯವಿದೆ. ಹುಲ್ಲುಮೆದೆ, ಸೌದೆಕೊಟ್ಟಿಗೆಗಳಿರುವ ಮನೆಯಲ್ಲಿ ಇದನ್ನು ಮರೆಯಲಾಗದು. ಅವನ್ನು ನೀರಿನಲ್ಲಿ ನೆನೆಸಿಡಬೇಕು ಅಥವಾ ಬಯಲಿನಲ್ಲಿ ಹರಡಿ ಒಣಗಿಸಬೇಕು.

ಆಕ್ಷೇಪವೊಂದಕ್ಕೆ ಉತ್ತರ

ಬಣ್ಣವೂ ಕಾರ್ಖಾನೆಯ ವಸ್ತುವಲ್ಲವೇ, ಪರಿಸರದ ಹೆಸರಿನಲ್ಲಿ ಅದನ್ನು ಹೊಗಳುವುದು ಸರಿಯೇ ಎಂಬ ಆಕ್ಷೇಪ ಬರಬಹುದು. ಆಕ್ಷೇಪ ನ್ಯಾಯವಾದದ್ದೇ. ಬಣ್ಣ ನಿರಪಾಯಕಾರಿಯಲ್ಲ, ಹಬ್ಬಕ್ಕೊಮ್ಮೆ ಬದಲಾಯಿಸುವ ಅಲಂಕಾರವಾಗಿಯಂತೂ ಅದು ಸಮರ್ಥನೀಯವಲ್ಲ. ಆದರೆ ತಕ್ಕಡಿಯ ಒಂದು ಬದಿಗೆ ಒಂದೂವರೆ ಲೀಟರ್ ಬಣ್ಣ ಮತ್ತು ಪ್ರೈಮರ್, ಇನ್ನೊಂದು ಬದಿಗೆ ಒಂದು ಕಪಾಟಿನ ಮರ, ಅದರ ಬದಲಿಗೆ ಬರುವ ಅಂಟುಹಲಗೆ, ಅದನ್ನು ಹೊತ್ತು ತರುವ ಲಾರಿ, ಐದಾರು ವರ್ಷಗಳಲ್ಲಿ ಎಲ್ಲಿಯೂ ವಿಲೇವಾರಿಯಾಗದ ಅದರ ಕಸ ಇವನ್ನಿಟ್ಟು ತೂಗಬೇಕು. ಸರಿಯಾಗಿ ಸಿದ್ಧಪಡಿಸಿ ಹಚ್ಚಿದ ಬಣ್ಣ ಮನೆಯೊಳಗೆ ಬಹುಕಾಲ ನಿಲ್ಲುತ್ತದೆ. ಸಿದ್ಧತೆಗೆ ಕೊಟ್ಟ ಪ್ರತಿಯೊಂದು ತಾಸೂ ಮುಂದಿನ ಬಣ್ಣದ ಡಬ್ಬಿಯನ್ನು ಉಳಿಸುತ್ತದೆ.

ಇನ್ನೊಂದು ನಷ್ಟವೂ ಸದ್ದಿಲ್ಲದೆ ನಡೆದಿದೆ. ಹಳೆಯ ಸಾಮಾನು ಕೊಳ್ಳುವವರು ಊರೂರು ತಿರುಗಿ ಪೆಟ್ಟಿಗೆ, ಬಾಗಿಲು, ಕಂಬಗಳನ್ನು ಸೌದೆಯ ಬೆಲೆಗೆ ಒಯ್ಯುತ್ತಾರೆ. ಅವೇ ನಗರದ ಅಂಗಡಿಗಳಲ್ಲಿ ಹಲವು ಪಟ್ಟು ಬೆಲೆ ಪಡೆಯುತ್ತವೆ. ನಗರ ಬೆಲೆಕಟ್ಟಿ ಹುಡುಕುತ್ತಿರುವುದನ್ನು ಹಳ್ಳಿ ನಾಚಿಕೆಯೆಂದು ಹೊರಗಿಡುತ್ತಿದೆ.

ವಿದ್ಯಾರ್ಥಿಗಳಿಗೆ ಇಲ್ಲಿ ಕೈತುಂಬ ಕೆಲಸವಿದೆ. ಎಷ್ಟೋ ಹಳ್ಳಿಶಾಲೆಗಳ ಹಿಂದಿನ ಕೋಣೆಯಲ್ಲಿ ಗಟ್ಟಿಮರದ ಬೆಂಚು, ಮೇಜುಗಳು ರಾಶಿಬಿದ್ದಿವೆ. ಪದವಿ ತರಗತಿಯ ಹತ್ತು ಯುವಕ ಯುವತಿಯರು, ಊರಿನ ಒಬ್ಬ ಆಚಾರಿಯ ಮಾರ್ಗದರ್ಶನದಲ್ಲಿ, ಜನವರಿಯ ನಾಲ್ಕು ವಾರಾಂತ್ಯ ದುಡಿದರೆ ಒಂದು ತರಗತಿಗೆ ಸಾಲುವಷ್ಟು ಆಸನ ಸಿದ್ಧವಾಗುತ್ತದೆ. ಸ್ಪಿರಿಟ್ಟಿನ ಪರೀಕ್ಷೆ, ಸೀಸದ ವಿಷಯ, ಮರಗಳ ಗುರುತು ಇವೆಲ್ಲ ಪಠ್ಯಪುಸ್ತಕದಲ್ಲಿ ಇಷ್ಟು ಹತ್ತಿರದಿಂದ ಸಿಗುವುದಿಲ್ಲ. ಹಳೆಯ ಬಣ್ಣ ಕೆರೆಯುವ ಕೆಲಸ ಮಾತ್ರ ಹಿರಿಯರದಾಗಿರಲಿ. ಎಳೆಯ ಮಕ್ಕಳು ಅದರಿಂದ ದೂರವಿರಲಿ. ಸಂಧಿ ಬಿಗಿಮಾಡಬಲ್ಲ, ಎಳೆ ನೋಡಿ ಮರದ ಹೆಸರು ಹೇಳಬಲ್ಲ ಆಚಾರಿಗಳು ಊರಿನಲ್ಲಿ ಕಡಿಮೆಯಾಗುತ್ತಿರುವಾಗ ಆ ವಿದ್ಯೆಯೂ ಕೈಯಿಂದ ಕೈಗೆ ದಾಟೀತು.

ಬೆಟ್ಟದಲ್ಲಿ ನಿಂತ ಮರವನ್ನು ಅಪ್ಪಿಕೊಳ್ಳಲು ಒಂದು ದಿನದ ಧೈರ್ಯ ಬೇಕಾಗಿತ್ತು. ಮನೆಯಲ್ಲಿ ನಿಂತ ಮರವನ್ನು ಉಳಿಸಿಕೊಳ್ಳಲು ಬೇಕಾದದ್ದು ಒಂದು ವಾರದ ತಾಳ್ಮೆ. ಬರುವ ಚಳಿಗಾಲದಲ್ಲಿ ಕೊಟ್ಟಿಗೆಯ ಮೂಲೆಯಲ್ಲಿರುವ ಕಪಾಟಿನ ಬಾಗಿಲನ್ನು ಒಮ್ಮೆ ತೆರೆದು, ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಬೇಕು. ಗಟ್ಟಿಯಾದ ಸದ್ದು ಕೇಳಿದರೆ ಅದು ಇನ್ನೂ ಒಂದು ತಲೆಮಾರಿಗೆ ದುಡಿಯಲು ಸಿದ್ಧವಾಗಿದೆ ಎಂದೇ ಅರ್ಥ.